ಟ್ರಾಯ್‌ನ ಇಸ್ಪೀಟು ಕ್ಲಬ್ಬಿನಲ್ಲಿ ಒಂದು ‘ಅಯ್ಯೋ’

‘ಮೂರು ವಾರದಿಂದ ನಿಮ್ಮನ್ನು ಗಮನಿಸುತ್ತಿದ್ದೇನೆ. ಗುರುವಾರ ಮಧ್ಯಾಹ್ನ ನೀವು ಮನೆಯಲ್ಲಿ ಒಬ್ಬರೇ ಇರುತ್ತೀರಿ. ನಮಗೆ ನಾಲ್ಕನೆಯವರು ಬೇಕಾಗಿದ್ದಾರೆ.’

ಮಿಷಿಗನ್ನಿನ ಟ್ರಾಯ್‌ಗೆ ಬಂದು ನಾಲ್ಕು ತಿಂಗಳಾಗಿದ್ದಾಗ ನಮ್ಮ ಮುಂಬಾಗಿಲಿಗೆ ಅಂಟಿಸಿದ್ದ ಚೀಟಿ ಇದು. ಕೆಳಗೆ ‘ಮಾರ್ಲೀನ್, ನೀಲಿ ಬಾಗಿಲಿನ ಮನೆ’ ಎಂದಿತ್ತು. ಓದಿದವಳೇ ಒಳಗೆ ಬಂದು ಚಿಲಕ ಹಾಕಿ, ಪರದೆ ಎಳೆದು, ಗಂಡನಿಗೆ ಫೋನ್ ಮಾಡಿದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆಗಿರುವ ಗಿರೀಶ್, “ಏನೋ ಸ್ಕ್ಯಾಮ್ ಇರ್ಬೇಕು. ಯಾರು ಬಂದ್ರೂ ಬಾಗ್ಲು ತೆಗೀಬೇಡ” ಎಂದರು.

ದೇವಸ್ಥಾನದಲ್ಲಿ ಪರಿಚಯವಾಗಿದ್ದ ವಸಂತಾ ಆಂಟಿಗೆ ಹೇಳಿದೆ. ಅವರು ಇಲ್ಲಿ ಬಹಳ ವರ್ಷದಿಂದ ಇರುವವರು. “ಕಾರಣ ಇಲ್ದೆ ಇಲ್ಲಿ ಯಾರೂ ಮನೆಗೆ ಕರೆಯಲ್ಲ ಸುಮಾ. ಮೊದ್ಲು ಕೇಕ್ ಕೊಡ್ತಾರೆ, ಆಮೇಲೆ ಚರ್ಚಿಗೆ ಬಾ ಅಂತಾರೆ. ಹುಷಾರು.”

ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕನೇ ಮನೆಯವರು ಏನು ಸಾರು ಎಂದು ಹೇಳುತ್ತಿದ್ದರು. ಇಲ್ಲಿ ನಮ್ಮ ಬಡಾವಣೆಯಲ್ಲಿ ಗ್ಯಾರೇಜಿನ ಬಾಗಿಲು ಮೇಲೇರುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಮನುಷ್ಯರ ಮುಖ ಕಾಣುವುದಿಲ್ಲ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಡ್ರೈವಿಂಗ್ ಇನ್ನೂ ಕಲಿತಿರಲಿಲ್ಲ. ಯಾರೂ ನನ್ನನ್ನು ನೋಡುತ್ತಿಲ್ಲವಲ್ಲ ಎಂದು ನಾಲ್ಕು ತಿಂಗಳು ಕೊರಗಿದ್ದೆ. ಯಾರೋ ನೋಡುತ್ತಿದ್ದಾರೆ ಎಂದು ತಿಳಿದ ಕೂಡಲೇ ಹೆದರಿದೆ.

ಶನಿವಾರ ಗಿರೀಶರನ್ನು ಜೊತೆಗೆ ಕರೆದುಕೊಂಡು ನೀಲಿ ಬಾಗಿಲು ತಟ್ಟಿದೆ. ಮಾರ್ಲೀನ್ ಎಪ್ಪತ್ತು ದಾಟಿದವರು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಆಕೆ ಕೇಕ್ ಕೊಟ್ಟಾಗ ನಾನು ಗಿರೀಶರ ಮುಖ ನೋಡಿದೆ. ವಿಷಯ ಇಷ್ಟೇ: ಗುರುವಾರ ಕಮ್ಯುನಿಟಿ ಸೆಂಟರಿನಲ್ಲಿ ಯೂಕರ್ ಕ್ಲಬ್ ಸೇರುತ್ತದೆ. ಯೂಕರ್ ಎಂದರೆ ಈ ಕಡೆಯವರು ಪ್ರಾಣ ಬಿಡುವ ಇಸ್ಪೀಟಾಟ. ಆಕೆಯ ಜೊತೆಗಾರ್ತಿ ಫ್ಲಾರಿಡಾಕ್ಕೆ ಹೋಗಿಬಿಟ್ಟಿದ್ದರು. “ಇಲ್ಲಿ ಹಗಲು ಹೊತ್ತು ಮನೆಯಲ್ಲಿರೋದು ನೀನೊಬ್ಬಳೇ” ಎಂದರು. ನಾನು ತಲೆಯಾಡಿಸುತ್ತಲೇ ಗೋಡೆಯ ಮೇಲೆ ಶಿಲುಬೆ ಇದೆಯೇ ಎಂದು ಹುಡುಕಿದೆ. ಮರದಲ್ಲಿ ಕೆತ್ತಿದ ಒಂದು ಮೀನು ಮಾತ್ರ ಇತ್ತು. ಮೀನೂ ಕ್ರೈಸ್ತರ ಗುರುತೆಂದು ಎಲ್ಲೋ ಓದಿದ್ದೆ; ಅದನ್ನೂ ಅನುಮಾನಿಸಿದೆ.

ಆದರೂ ಹೋದೆ. ಸಭಾಂಗಣದಲ್ಲಿ ಐದು ಮೇಜು, ಬಿಳಿ ತಲೆಗಳು, ತೆಳ್ಳನೆಯ ಕಾಫಿ. ನಾನು ಒಯ್ದಿದ್ದ ಕೋಡುಬಳೆಯನ್ನು ಒಬ್ಬರು ಮೂಸಿ ನೋಡಿ ಕೆಳಗಿಟ್ಟರು. ಎದುರು ಬದುರು ಕೂತವರು ಜೊತೆಗಾರರು, ಒಬ್ಬೊಬ್ಬರಿಗೆ ಐದೈದು ಎಲೆ, ತುರುಪಿನ ಗುಲಾಮನೇ ಎಲ್ಲಕ್ಕಿಂತ ದೊಡ್ಡವನು ಎಂದು ಮಾರ್ಲೀನ್ ವಿವರಿಸಿದಾಗ ನನಗೆ ನಗು ಬಂತು. ನಮ್ಮ ಕ್ವಾರ್ಟರ್ಸಿನಲ್ಲಿ ಅಮ್ಮ, ಪಕ್ಕದ ಮನೆಯ ರುಕ್ಮಿಣಿ ಅತ್ತೆ ಮಧ್ಯಾಹ್ನವೆಲ್ಲ ಆಡುತ್ತಿದ್ದ ‘ಇಪ್ಪತ್ತೆಂಟು’ ಆಟದಲ್ಲೂ ಗುಲಾಮನೇ ರಾಜನಿಗಿಂತ ಮೇಲು. ಹತ್ತು ವರ್ಷಕ್ಕೇ ನಾನು ಅವರ ಮಧ್ಯೆ ಕೂತು ಆಡಿದವಳು. ಇಲ್ಲಿನ ಕಟ್ಟುನಿಟ್ಟಿನ ನಿಯಮ ಒಂದೇ: ಎಲೆ ಕೈಗೆ ಬಂದ ಮೇಲೆ ಜೊತೆಗಾರರಿಗೆ ಸುಳಿವು ಕೊಡುವ ಮಾತಾಡಕೂಡದು.

ಎರಡನೇ ವಾರದಿಂದ ನಾವು ಗೆಲ್ಲತೊಡಗಿದೆವು. ಐದನೇ ವಾರ, ನಾನು ಎಲೆ ಎತ್ತಿಕೊಂಡು ‘ಅಯ್ಯೋ’ ಎಂದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಡೇಲ್ ಎಂಬ ಮುದುಕರು ಎಲೆಗಳನ್ನು ಮೇಜಿನ ಮೇಲೆ ಕುಕ್ಕಿದರು.

“ಇವಳು ಏನೋ ಹೇಳ್ತಾಳೆ. ಪ್ರತಿ ಸಲ ಹೇಳ್ತಾಳೆ. ಅದು ಸನ್ನೆ.”

ನನಗೆ ಮೈ ಉರಿದುಹೋಯಿತು. ಕಡೆಗೂ ಬಂತಲ್ಲ, ಇದನ್ನೇ ಕಾಯುತ್ತಿದ್ದೆ ಅನ್ನಿಸಿತು. ಮಾರ್ಲೀನ್ ಎದ್ದು ನಿಂತರು. “ಅದು ಅವಳ ಭಾಷೆ, ಡೇಲ್! ಬೇರೆ ದೇಶದವರು ಬಾಯಿ ತೆಗೆದರೆ ನಿನಗೆ ಮೋಸವಾಗಿ ಕಾಣುತ್ತಾ? ನಾಚಿಕೆಯಾಗಬೇಕು.” ಅಲ್ಲಿದ್ದವರೆಲ್ಲ ಡೇಲ್‌ರನ್ನು ನೋಡಿದರು. ಅವರು ಟೋಪಿ ತೆಗೆದುಕೊಂಡು ಹೊರಟುಹೋದರು.

ವಾಪಸ್ಸು ಬರುವಾಗ ಕಾರಿನಲ್ಲಿ ಮಾರ್ಲೀನ್ ನಗುತ್ತಿದ್ದರು. “ಒಂದು ಅಯ್ಯೋ ಅಂದ್ರೆ ಒಂದು ಗುಲಾಮ. ಅಯ್ಯಯ್ಯೋ ಅಂದ್ರೆ ಎರಡು. ಎರಡನೇ ವಾರವೇ ನನಗೆ ಗೊತ್ತಾಯ್ತು.”

ಅದು ಅಮ್ಮ ಮತ್ತು ರುಕ್ಮಿಣಿ ಅತ್ತೆಯ ಸನ್ನೆ. ಎಷ್ಟೋ ಬೇಸಿಗೆ ಅದನ್ನೇ ಕೇಳಿ ಕೇಳಿ ನನ್ನ ನಾಲಿಗೆಗೆ ಅಂಟಿಬಿಟ್ಟಿತ್ತು. ಗುಲಾಮನ ಮುಖ ಕಂಡರೆ ತಾನಾಗಿ ಹೊರಬರುತ್ತಿತ್ತು. ನಾನು ಎಲ್ಲರನ್ನೂ ಅನುಮಾನಿಸುತ್ತ ಕೂತಿದ್ದೆ; ಆ ಮೇಜಿನಲ್ಲಿ ಮೋಸ ಮಾಡುತ್ತಿದ್ದವಳು ನಾನೇ.

ಮಾರನೆಯ ದಿನ ಡೇಲ್ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ತಮ್ಮ ಹಿತ್ತಲಿನ ಟೊಮೇಟೊ ತುಂಬಿದ ಚೀಲ. “ಕ್ಷಮಿಸಮ್ಮ. ನನ್ನ ಮಗಳು ಹೇಳ್ತಾಳೆ, ಈಗೀಗ ನಾನು ಇಲ್ಲದ್ದನ್ನೆಲ್ಲ ಕೇಳಿಸಿಕೊಳ್ತೀನಂತೆ. ಎಲ್ಲರ ಮೇಲೂ ಅನುಮಾನ ಪಡ್ತೀನಂತೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತಾಳಂತೆ.” ನಾನು ಚೀಲ ತೆಗೆದುಕೊಂಡೆ. ‘ಥ್ಯಾಂಕ್ಯೂ’ ಎಂದಷ್ಟೇ ಹೇಳಿದೆ. ಅವರು ನಿಧಾನವಾಗಿ ಮೆಟ್ಟಿಲಿಳಿದು ಹೋದರು.

“ನೀನ್ಯಾಕೆ ಹೇಳ್ಬೇಕು? ಇವ್ರು ನಮ್ಮನ್ನ ಸುಮ್ ಸುಮ್ನೆ ಅನುಮಾನಿಸಿದಾಗ ಯಾರು ಬಂದು ಸಾರಿ ಹೇಳಿದಾರೆ?” ಎಂದರು ವಸಂತಾ ಆಂಟಿ, ಡೇಲ್‌ಗೆ ನಿಜ ಹೇಳಿಬಿಡಲಾ ಎಂದು ನಾನು ಫೋನಿನಲ್ಲಿ ಕೇಳಿದಾಗ. ಅವರ ಮಾತಿನಲ್ಲೂ ನಿಜವಿತ್ತು. ಆ ಟೊಮೇಟೊದಲ್ಲಿ ಗೊಜ್ಜು ಮಾಡಿದೆ. ಗಿರೀಶ್ ಎರಡು ಸಲ ಬಡಿಸಿಕೊಂಡರು. ನಾನು ಮೊಸರನ್ನ ತಿಂದು ಎದ್ದೆ.

ಮುಂದಿನ ಗುರುವಾರ ಆಟ ಶುರುವಾಗುವ ಮೊದಲು ಡೇಲ್ ಕೂತಲ್ಲಿಗೆ ಹೋಗಿ, ನನ್ನ ಇಂಗ್ಲಿಷಿನಲ್ಲಿ ತಡವರಿಸುತ್ತ ಎಲ್ಲ ಹೇಳಿದೆ. ಬೇಕೆಂದು ಮಾಡಿದ್ದಲ್ಲ, ಆದರೆ ನೀವು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು ಎಂದೆ. ಅವರು ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ.

“ಹಾಗಾದ್ರೆ ನನ್ನ ಕಿವಿ ಸರಿ ಇದೆ” ಎಂದರು. ಆಮೇಲೆ, “ನನ್ನ ತಲೇನೂ ಸರಿ ಇದೆ” ಎಂದರು. ಕಣ್ಣು ಒದ್ದೆಯಾಗಿತ್ತು. ಮಗಳಿಗೆ ಫೋನ್ ಮಾಡಿ, “ಇವಳಿಗೆ ನೀನೇ ಹೇಳು” ಎಂದು ನನ್ನ ಕೈಗೆ ಕೊಟ್ಟರು. ಪರಿಚಯವಿಲ್ಲದ ಹೆಂಗಸಿಗೆ ‘ನಾನು ಇಸ್ಪೀಟಿನಲ್ಲಿ ಮೋಸ ಮಾಡಿದೆ, ನಿಮ್ಮ ತಂದೆ ಸರಿಯಾಗಿ ಹಿಡಿದರು’ ಎಂದು ಎಲ್ಲರ ಎದುರು ಹೇಳಿದೆ. ಅಮೆರಿಕದಲ್ಲಿ ನನ್ನ ಇಂಗ್ಲಿಷನ್ನು ಯಾರಾದರೂ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

ಕ್ಲಬ್ಬಿನವರು ನಮ್ಮ ಐದು ವಾರದ ಅಂಕಗಳನ್ನು ಹೊಡೆದುಹಾಕಿದರು. ಮಾರ್ಲೀನ್ ರೇಡಿಯೊ ಜೋರು ಮಾಡಿಕೊಂಡು ಮನೆಯವರೆಗೂ ಕಾರು ಓಡಿಸಿದರು. ನಾನು ಕಾರಿನಿಂದ ಇಳಿಯುವಾಗ, “ನೀನು ಯಾರ ಕಡೆ, ಸೂಮಾ? ನಾನು ನಿನ್ನ ಪರ ನಿಂತಿದ್ದೆ” ಎಂದಷ್ಟೇ ಹೇಳಿದರು. ಎರಡು ವಾರ ನೀಲಿ ಬಾಗಿಲು ತೆರೆಯಲಿಲ್ಲ. ಮೂರನೇ ಗುರುವಾರ ಹೊರಗೆ ಮಾರ್ಲೀನ್ ಕಾರಿನ ಹಾರ್ನ್ ಕೇಳಿಸಿತು. ಹೋಗಿ ಕೂತೆ.

ಈಗಲೂ ಆಡುತ್ತೇವೆ, ಹೆಚ್ಚಾಗಿ ಸೋಲುತ್ತೇವೆ. ಎಲೆ ಹಂಚಿದ ಕೂಡಲೇ ಮೇಜಿನ ಮೂವರೂ ನನ್ನ ತುಟಿಯನ್ನೇ ನೋಡುತ್ತಾರೆ. ಮೈಸೂರಿನಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ.

“ರುಕ್ಮಿಣಿಗೂ ನಂಗೂ ಮಾತ್ರ ಗೊತ್ತಿದ್ದಿದ್ದು ಕಣೇ ಅದು. ನಿಮ್ಮಪ್ಪಂಗೂ ಹೇಳಿರ್ಲಿಲ್ಲ. ಅಲ್ಲಿಯವ್ರಿಗೆ ಹೇಳ್ಬಿಟ್ಯಾ?” ಎಂದಳು. ಆಮೇಲೆ ಕೇಳಿದಳು: “ನೀನೀಗ ಅವ್ರ ಕಡೆನಾ?”

ಮಾರ್ಲೀನ್ ಕೇಳಿದ್ದೂ ಇದನ್ನೇ. ಆಕೆ ಇಂಗ್ಲಿಷಿನಲ್ಲಿ ಕೇಳಿದ್ದರು, ಅಮ್ಮ ಕನ್ನಡದಲ್ಲಿ. “ಅಯ್ಯೋ ಅಮ್ಮಾ” ಎಂದೆ.