ಮೂರನೇ ಬೆಳಗಿನ ಮಜ್ಜಿಗೆ

ಬೆಸಗರಹಳ್ಳಿಯಿಂದ ನಾವು ಮೂವರು ಹೊರಟಾಗ ಬೆಳಿಗ್ಗೆ ಏಳು ಗಂಟೆ. ನನ್ನ ಅಕ್ಕ ಜಯಮ್ಮ, ಭಾವ, ಮತ್ತು ಹಿಂದಿನ ದಿನವೇ ಮಳವಳ್ಳಿಯಿಂದ ಬಂದಿದ್ದ ನಾನು. ಅಕ್ಕನ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿ ಹದಿನೈದು ದಿನವಾಗಿತ್ತು. ಈಗ ಜ್ವರವೂ ಸೇರಿಕೊಂಡಿತ್ತು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುವುದು ಮದ್ದೂರಿನ ಸ್ಕ್ಯಾನಿನಲ್ಲಿ ಕಂಡಿತ್ತು. ಮಂಡ್ಯದಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಕೊಳವೆ ಇಳಿಸಿ ಅದನ್ನು ತೆಗೆಯುವವರಿದ್ದರು. ರಾತ್ರಿಯಿಂದಲೇ ಹೊಟ್ಟೆ ಖಾಲಿ ಇರಬೇಕೆಂದು ಹೇಳಿದ್ದರು.

ಭಾವ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರು. ಅವರ ಅಪ್ಪನಿಂದ ಬಂದ ವಿದ್ಯೆ. ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ಮೂರು ಬೆಳಗು ಕುಡಿಸುತ್ತಾರೆ. ಒಂದು ಬೆಳಗು ತಪ್ಪಿದರೂ ಫಲವಿಲ್ಲವಂತೆ. ದೂರದ ಕೊತ್ತತ್ತಿಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಅಂಥವರು ಸ್ವಂತ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ತಲೆಯೆತ್ತಲಿಲ್ಲ. ಬಸ್ಸಿನಲ್ಲಿ ಹೆಂಗಸರಿಬ್ಬರಿಗೂ ಉಚಿತ, ಟಿಕೆಟ್ಟಿಗೆ ದುಡ್ಡು ಅವರೊಬ್ಬರದೇ ಎಂದು ನಾನು ರೇಗಿಸಿದರೂ ನಗಲಿಲ್ಲ. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ವಡೆಯ ವಾಸನೆಗೆ ನನ್ನ ಹೊಟ್ಟೆ ಚುರುಗುಟ್ಟಿತು. ಉಪವಾಸವಿದ್ದ ಅಕ್ಕನೆದುರು ತಿನ್ನಲು ಮನಸ್ಸು ಬರಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ನರ್ಸ್, "ಏನಾದ್ರೂ ತಿಂದಿದ್ದೀರಾ, ಕುಡಿದಿದ್ದೀರಾ?" ಎಂದು ಕೇಳಿದರು.

"ಒಂದ್ ತೊಟ್ಟು ನೀರೂ ಕುಡ್ದಿಲ್ಲ ಕಣಮ್ಮ" ಎಂದಳು ಅಕ್ಕ.

ಅವಳನ್ನು ಮಲಗಿಸಿದ್ದ ಗಾಲಿಮಂಚ ಬಾಗಿಲು ದಾಟುವಷ್ಟರಲ್ಲಿ ಭಾವ ಎದ್ದು ಅಡ್ಡ ನಿಂತರು. "ನಿಲ್ಸಮ್ಮ. ಬೆಳಗ್ಗೆ ಆರ್ಗಂಟೆಗೆ ಒಂದ್ ಲೋಟ ಮಜ್ಜಿಗೇಲಿ ಔಸ್ದಿ ಕುಡ್ಸಿವ್ನಿ. ಇವತ್ತು ಮೂರ್ನೇ ದಿನ."

"ಔಸ್ದಿ ಊಟ ಅಲ್ವಲ್ಲ" ಎಂದು ಅಕ್ಕ ಗೊಣಗಿದಳು.

ಡಾಕ್ಟರು ಬೈಯಲಿಲ್ಲ. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಉಕ್ಕಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ, ಮಧ್ಯಾಹ್ನದವರೆಗೆ ಕಾಯಬೇಕು ಎಂದರು. ಆದರೆ ಸೋಂಕು ಏರುತ್ತಿದೆ, ಅದು ಕಾಯುತ್ತದೆಂದು ಹೇಳಲಾರೆ ಎಂದೂ ಸೇರಿಸಿದರು. ಇಂಜೆಕ್ಷನ್ ಕೊಟ್ಟಿದ್ದರೂ ಅಕ್ಕ ಚಳಿಗೆ ಗಡಗಡ ನಡುಗುತ್ತಿದ್ದಳು. ನನಗೆ ಭಾವನ ಮೇಲೆ ಕೆಟ್ಟ ಕೋಪ ಬಂದಿತ್ತು. ಅವರನ್ನು ಅನ್ನಲಾರದೆ ಅಕ್ಕನನ್ನೇ ಕೇಳಿದೆ, "ಗೊತ್ತಿದ್ದೂ ಯಾಕೆ ಕುಡಿದೆ?"

"ಊರೋರೆಲ್ಲ ಕುಡೀತಾರೆ. ನಾನೇ ಬ್ಯಾಡ ಅಂದ್ರೆ ಆವಯ್ಯನ ಮರ್ವಾದೆ ಏನಾಗ್ಬೇಕೇ?"

ನಾನು ಕಂಬಳಿಯನ್ನು ಅವಳ ಕತ್ತಿನವರೆಗೆ ಎಳೆದು ಹೊದಿಸಿದೆ.

ಎರಡು ಗಂಟೆಗೆ ಒಳಗೆ ಕರೆದೊಯ್ದರು. ಮುಕ್ಕಾಲು ಗಂಟೆ ಕಳೆದು ಡಾಕ್ಟರು ಕಲ್ಲು ತೆಗೆದಾಯಿತೆಂದು ಹೇಳಿ ಚಿತ್ರ ತೋರಿಸಿದರು. ಕಡಲೆಕಾಳಿನಷ್ಟು ಕಂದು ಕಲ್ಲು; ಅದರ ಹಿಂದೆ ತಡೆದು ನಿಂತಿದ್ದ ಪಿತ್ತ, ಕೀವು. ಭಾವ ಬಹಳ ಹೊತ್ತು ನೋಡಿದರು.

"ಇದು ಸೊಪ್ಗೆ ಕರಗ್ತಿತ್ತಾ ಸಾರ್?"

"ಇಲ್ಲ" ಎಂದರು ಡಾಕ್ಟರು.

ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಊರಿಗೆ ಮರಳಿದೆವು. ಅಕ್ಕನಿಗೆ ಜ್ವರ ಬಿಟ್ಟಿತ್ತು. ಮನೆಯ ಜಗಲಿಯ ಮೇಲೆ ಹಳದಿ ಕಣ್ಣಿನ ಗಂಡಸೊಬ್ಬ ಔಷಧಿಗೆಂದು ಕಾದು ಕೂತಿದ್ದ. ಭಾವ ಹೆಗಲಿನ ಚೀಲವನ್ನೂ ಇಳಿಸದೆ, "ಮೊದ್ಲು ಓಗಿ ಸ್ಕ್ಯಾನ್ ಮಾಡ್ಸು" ಎಂದರು.

"ನಿನ್ ಔಸ್ದಿ ಇರೋವಾಗ ಆಸ್ಪತ್ರೆ ಯಾಕಣ್ಣ?"

ಭಾವ ಅಕ್ಕನತ್ತ ಕೈ ತೋರಿಸಿದರು. "ನಮ್ಮನೆಯೋಳ್ನೇ ಅಲ್ಲಿಂದ ಕರ್ಕಂಡ್ ಬತ್ತಾ ಇವ್ನಿ ಕಣ್ಲಾ."