ದುರ್ಗದ ಬುಡದಲ್ಲಿ ಗುಂಡಣ್ಣನ ಒಲೆ

ಜಯನಗರದ ನಾಲ್ಕನೇ ಬ್ಲಾಕಿನ ಕೆಮ್ಮಣ್ಣು ರಸ್ತೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಾಡಿಗೆ ಬಸ್ಸಿನ ನೆತ್ತಿಯ ಮೇಲೆ ನಿಂತ ಅಡುಗೆ ಗುಂಡಣ್ಣ ಹಂಡೆ, ಕೊಳದಪ್ಪಲೆ, ಸೌದೆ ಕಟ್ಟು, ಬಾಳೆಲೆಯ ಸುರುಳಿಗಳಿಗೆ ಹಗ್ಗ ಬಿಗಿಯುತ್ತಿದ್ದಾರೆ. ಕೆಳಗೆ ಚಿತ್ರದುರ್ಗದ ಕೋಟೆ ನೋಡಲು ಹೊರಟ ಸಂಸಾರಗಳು ಕಿಟಕಿ ಪಕ್ಕದ ಸೀಟಿಗಾಗಿ ಮರ್ಯಾದೆಯಿಂದಲೇ ಜಗಳವಾಡುತ್ತಿವೆ.

"ಮೊದ್ಲು ಪಾತ್ರೆ ಹತ್ಬೇಕು ಸಾರ್, ಆಮೇಲೆ ಜನ" ಎನ್ನುತ್ತಾರೆ ಗುಂಡಣ್ಣ. "ಜನ ಒಬ್ರು ಬಿಟ್ಟುಹೋದ್ರೆ ಟ್ರಿಪ್ ನಡಿಯತ್ತೆ. ಸೌಟು ಬಿಟ್ಟುಹೋದ್ರೆ ನಡಿಯಲ್ಲ."

ಯಡಿಯೂರು ಕೆರೆಯ ಹತ್ತಿರ ಒಂದೂವರೆ ಕೋಣೆಯ ಬಾಡಿಗೆ ಮನೆ ಇವರದು. ಮದುವೆ, ಮುಂಜಿಗಳ ಕಾಲ ಮುಗಿದ ಮೇಲೆ ಕೈ ಹಿಡಿಯುವುದು ಈ ಪ್ರವಾಸದ ಅಡುಗೆ. ಜಯನಗರ, ಬಸವನಗುಡಿಯ ರಿಟೈರಾದವರ ಕೂಟಗಳು ಇವರಿಲ್ಲದೆ ಊರು ಬಿಡುವುದಿಲ್ಲ. ಐವತ್ತು ಎಲೆಗೆ ಅನ್ನ, ಹುಳಿ, ಕೋಸಂಬರಿ, ಪಾಯಸ. ಬಯಲಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ, ಗಾಳಿಗೆ ಬೆನ್ನು ಕೊಟ್ಟು. ಎಡ ಮುಂಗೈಯ ಸುಟ್ಟ ಕಲೆ ತೋರಿಸಿ, "ಇದು ಶಿವಗಂಗೆ ಟ್ರಿಪ್ಪಿಂದು" ಎಂದು ನಗುತ್ತಾರೆ.

ದುರ್ಗಕ್ಕೆ ಅವರು ಬರುತ್ತಿರುವುದು ಸಾವಿರದ ಒಂಬೈನೂರ ಐವತ್ತಾರರಿಂದ. ಈಗ ಅರವತ್ತನಾಲ್ಕನೇ ಇಸವಿ. ಇಷ್ಟು ವರ್ಷ ಬಂದರೂ ಕೋಟೆಯ ಒಂದು ಮೆಟ್ಟಿಲನ್ನೂ ಅವರು ಹತ್ತಿಲ್ಲ ಎಂದರೆ ನಂಬುವುದು ಕಷ್ಟ. ಕಾರಣ ಮಡಿ. ಈ ತಂಡದ ಹಿರಿಯರು ಮಡಿಯಲ್ಲಿ ಬೇಯಿಸಿದ್ದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಸ್ನಾನ ಮಾಡಿ ಒಲೆ ಹೊತ್ತಿಸಿದ ಮೇಲೆ ಕೊನೆಯ ಎಲೆ ಏಳುವವರೆಗೆ ಅಡುಗೆಯವರು ಯಾರನ್ನೂ ತಾಕುವಂತಿಲ್ಲ, ಜಾಗ ಬಿಟ್ಟು ಕದಲುವಂತಿಲ್ಲ. ಜನಜಂಗುಳಿಯ ಕೋಟೆಗೆ ಹೋಗಿ ಬಂದು ಸೌಟು ಹಿಡಿಯುವ ಮಾತಂತೂ ದೂರವೇ ಉಳಿಯಿತು. ಎಲ್ಲರೂ ಉಂಡು ಪಾತ್ರೆ ತೊಳೆಯುವ ಹೊತ್ತಿಗೆ ಡ್ರೈವರ್ ಹಾರನ್ ಒತ್ತುತ್ತಿರುತ್ತಾನೆ.

ಇಷ್ಟೇ ಆಗಿದ್ದರೆ ಗುಂಡಣ್ಣ ಇವತ್ತು ಇಷ್ಟು ಬೆವರುತ್ತಿರಲಿಲ್ಲ. ಮೊದಲ ಸಲ ದುರ್ಗಕ್ಕೆ ಬಂದ ವರ್ಷ ಅವರ ಹೆಂಡತಿ ಚೂಡಾಮಣಿ ಹೆತ್ತ ಮಗುವನ್ನು ಕಳೆದುಕೊಂಡು ಹಾಸಿಗೆ ಹಿಡಿದಿದ್ದರು. ಗೋಡೆಗೆ ಮುಖ ಮಾಡಿ ಮಲಗಿದ್ದಾಕೆ ಒಂದು ಮಾತೂ ಆಡುತ್ತಿರಲಿಲ್ಲ. ದುರ್ಗದಿಂದ ವಾಪಸಾದ ಗಂಡ ಏನಾದರೂ ಹೇಳಬೇಕಲ್ಲ ಎಂದು ಕೋಟೆಯ ಕಥೆ ತೆಗೆದರು. ಮ್ಯೂಸಿಯಂನಲ್ಲಿ ಪಾಳೇಗಾರರ ದಂತದ ಮಂಚ ಇದೆ, ಅದರ ಕಾಲಿಗೆ ಬೆಳ್ಳಿಯ ಗಿಣಿ ಇದೆ ಎಂದರು. "ಗಿಣಿ ಎಷ್ಟು ದಪ್ಪ ಇತ್ತು ಅಂತ ಕೇಳಿದ್ಲು ಸಾರ್. ಎಷ್ಟೋ ದಿನ ಆದ್ಮೇಲೆ ಅವಳಾಡಿದ ಮೊದಲ್ನೇ ಮಾತು ಅದು. ಆಮೇಲೆ ಸುಳ್ಳು ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ."

ವರ್ಷಕ್ಕೊಂದರಂತೆ ಕಥೆ ಬೆಳೆಯಿತು. ಈ ಸಲ ಬಸ್ಸಿನಲ್ಲಿ ಒಂದು ಸೀಟು ಖಾಲಿ ಉಳಿದು, ತಂಡದ ಹಿರಿಯರಾದ ಅಮ್ಮಣ್ಣಿಯವರು ಚೂಡಾಮಣಿಯವರನ್ನೂ ಹೊರಡಿಸಿಬಿಟ್ಟಿದ್ದಾರೆ. ಚೂಡಾಮಣಿ ಮುಂದಿನ ಸೀಟಿನಲ್ಲಿ ಹೊಸ ಸೀರೆಯುಟ್ಟು ಕೂತಿದ್ದಾರೆ. ಗಂಡ ಬಿಗಿದ ಹಗ್ಗವನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದಾರೆ.

ದುರ್ಗ ತಲುಪುತ್ತಲೇ ಎಲ್ಲರೂ ಮ್ಯೂಸಿಯಂ ಕಡೆ ಹೊರಡುತ್ತಾರೆ, ಅಲ್ಲಿಂದ ಬೆಟ್ಟಕ್ಕೆ. ಗುಂಡಣ್ಣ ಬೆಟ್ಟದ ಬುಡದಲ್ಲಿರುವ ಛತ್ರದ ಬಾವಿಯಲ್ಲಿ ನೀರು ಸೇದಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಒಲೆ ಹೂಡುತ್ತಾರೆ. ಕೋತಿಗಳು ಗೋಡೆಯ ಮೇಲೆ ಸಾಲಾಗಿ ಕೂತು ತೆಂಗಿನಕಾಯಿಯ ಲೆಕ್ಕ ಹಾಕುತ್ತಿವೆ. ಬೇಳೆ ಬೇಯುವ ಹೊತ್ತಿಗೆ ಚೂಡಾಮಣಿ ಒಬ್ಬರೇ ವಾಪಸು ಬರುತ್ತಾರೆ. ಬೆಟ್ಟ ಹತ್ತಿಲ್ಲ. ನೇರ ಬಂದು, ಒಲೆಯಿಂದ ನಾಲ್ಕು ಮಾರು ದೂರ ನಿಲ್ಲುತ್ತಾರೆ.

"ಅಲ್ಲಿನ ಕಾವಲುಗಾರನ್ನ ದಂತದ ಮಂಚ ಎಲ್ಲಪ್ಪಾ ಅಂದೆ. ಮಂಚಾನೂ ಇಲ್ಲ ಗಿಣೀನೂ ಇಲ್ಲ ಕಣಮ್ಮ, ಇರೋದೆಲ್ಲ ಶಾಸನ, ವೀರಗಲ್ಲು, ಕತ್ತಿ ಅಂದ. ಎಲ್ಲರೂ ನಕ್ರು."

ಗುಂಡಣ್ಣ ತಲೆ ಎತ್ತುವುದಿಲ್ಲ. "ತಪ್ಪಾಯ್ತು ಕಣೆ."

"ಸುಳ್ಳು ಹೇಳಿದ್ದಕ್ಕಲ್ಲ ನಂಗೆ ಬೇಜಾರು. ಇಷ್ಟು ವರ್ಷ ಇಲ್ಲೇ ಹೊಗೇಲಿ ಕೂತಿದ್ರಲ್ಲ, ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎನ್ನುವಾಗ ಆಕೆಯ ಕಣ್ಣು ತುಂಬುತ್ತದೆ.

ಆಕೆ ಬಾವಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಹೊಸ ಸೀರೆಯಲ್ಲೇ ತೊಪ್ಪೆಯಾಗಿ ಬಂದು ಒಲೆಯ ಮುಂದೆ ಕೂರುತ್ತಾರೆ. "ಈಗ ನಾನು ಮಡಿ. ಹುಳಿ ನಾನು ನೋಡ್ಕೋತೀನಿ, ನೀವು ಹೋಗ್ಬನ್ನಿ. ಅಮ್ಮಣ್ಣಿಯೋರು ಬಂದ್ರೆ ನಾನೇ ಹೇಳ್ತೀನಿ."

ಐವತ್ತರ ಗಡಿ ದಾಟಿದ ಗುಂಡಣ್ಣ ಒಣ ಅಂಗವಸ್ತ್ರ ಹೊದ್ದು ಓಡುವುದನ್ನು ನೋಡಬೇಕು! ಸುತ್ತಿ ಸುತ್ತಿ ಒಳಗೆ ಕರೆದೊಯ್ಯುವ ಬಾಗಿಲುಗಳಲ್ಲಿ ಎರಡು ಸಲ ದಾರಿ ತಪ್ಪಿ ನಗುತ್ತಾರೆ. ಗೋಡೆಯ ಕಲ್ಲುಗಳ ನಡುವೆ ಬೆರಳು ಆಡಿಸುತ್ತಾರೆ. ಎಣ್ಣೆ ತುಂಬಿಡುತ್ತಿದ್ದರಂತೆ ಎನ್ನುವ ಕಲ್ಲಿನ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, "ಇಲ್ಲೂ ನಮ್ಮಂಥೋರು ಇದ್ರು ಅಂತಾಯ್ತು. ಯಾರೋ ಒಗ್ಗರಣೆ ಹಾಕಿರ್ಲೇಬೇಕಲ್ಲ" ಎಂದು ಖುಷಿಪಡುತ್ತಾರೆ. ಅಷ್ಟರಲ್ಲಿ ಇಳಿದು ಬರುತ್ತಿರುವ ಅಮ್ಮಣ್ಣಿಯವರು ಎದುರಾಗುತ್ತಾರೆ. ಗುಂಡಣ್ಣ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ.

"ಒಲೆ ಮುಂದೆ ಯಾರು?"

"ನಮ್ಮನೆಯವಳು, ಅಮ್ಮ. ಸ್ನಾನ ಮಾಡಿ ಕೂತಿದಾಳೆ."

ಅಮ್ಮಣ್ಣಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ. "ಮೊದಲೇ ಬಾಯಿ ಬಿಟ್ಟು ಕೇಳಿದ್ರೆ ನಾವೇನು ಬೇಡ ಅಂತಿದ್ವೇನೋ? ನೋಡ್ಕೊಂಡು ಬಾ. ನೀನು ಬರೋವರೆಗೂ ಎಲೆ ಹಾಕಲ್ಲ."

ಹಸಿದ ಐವತ್ತು ಜನ ಕಾಯುತ್ತಾರೆಂಬ ಆತಂಕಕ್ಕೆ ಗುಂಡಣ್ಣ ಅರ್ಧಕ್ಕೇ ಇಳಿದುಬಿಡುತ್ತಾರೆ. ಹುಳಿಗೆ ಉಪ್ಪು ತುಸು ಮುಂದಾಗಿದೆ. ಆದರೂ ಎಲ್ಲರೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಸಂಜೆ ಬಸ್ಸು ಬೆಂಗಳೂರಿನ ದಾರಿ ಹಿಡಿದಾಗ ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ ಅಕ್ಕಪಕ್ಕ ಕೂತಿದ್ದಾರೆ. ಬಾಗಿಲುಗಳ ಬಗ್ಗೆ, ಎಣ್ಣೆಯ ಕೊಳದ ಬಗ್ಗೆ ಗುಂಡಣ್ಣ ಬಿಡಿಸಿ ಬಿಡಿಸಿ ಹೇಳುತ್ತಾರೆ. ಚೂಡಾಮಣಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾರೆ.

"ತುತ್ತತುದೀಲಿ ಏನಿದೆ?"

ಹೇಳುವುದಕ್ಕೆ ಗುಂಡಣ್ಣ ಬಾಯಿ ತೆರೆಯುತ್ತಾರೆ. ಇಷ್ಟು ವರ್ಷದ ಅಭ್ಯಾಸ. ಆಮೇಲೆ ಹೆಂಡತಿಯ ಮುಖ ನೋಡುತ್ತಾರೆ.

"ಗೊತ್ತಿಲ್ಲ ಕಣೆ. ಅಲ್ಲಿಗೆ ನಾನು ಹೋಗ್ಲಿಲ್ಲ. ಬರೋ ವರ್ಷ ಇಬ್ರೂ ಹೋಗಿ ನೋಡೋಣ."