ಉಜ್ಜಿನಪ್ಪ ಕೂರಿಸಿದ ಚಿಲಕ

ಸುಳ್ಳು ಅಂತೀಯಾ? ಚಿಲಕ ತಾನಾಗೇ ಹಾಕಿಕೊಳ್ಳುವುದಿಲ್ಲ ಅಂತೀಯಾ? ನಮ್ಮ ರಾಯದುರ್ಗದಲ್ಲಿ ಹಾಕಿಕೊಂಡಿತ್ತು, ಕೇಳು. ಆಗಿನ ಕರೆಂಟು ಎಂಥದ್ದೆಂದರೆ, ತಂತಿಯ ಮೇಲೆ ಕಾಗೆ ಕೆಮ್ಮಿದರೂ ಹೋಗಿಬಿಡುತ್ತಿತ್ತು.

ಉಜ್ಜಿನಪ್ಪ ಜೀನ್ಸ್ ಹೊಲಿಯುವ ಗಾರ್ಮೆಂಟ್ಸಿನಲ್ಲಿ ಟೈಲರ್. ರೊಳ್ಳದಿಂದ ಕೆಲಸಕ್ಕೆ ಬಂದಿದ್ದ ಮಂಗಳಾಳನ್ನು ಅಲ್ಲೇ ಮದುವೆಯಾದ. ಪಕ್ಕದ ಮಿಷನ್ನೇ ಅವಳದು. ಅವನಿಗೆ ಒಂದೇ ಆಸೆ, ಹೊಲಿಗೆ ಬಿಟ್ಟು ರಿಪೇರಿ ಮಿಸ್ತ್ರಿಯಾಗಬೇಕು. ಸಾಹುಕಾರನಿಗೂ ಒಂದೇ ಸಂಕಟ, ಹೆಂಗಸರು ಪಾಯಿಖಾನೆಗೆ ಹೋದರೆ ಬೇಗ ಬರುವುದಿಲ್ಲ.

ಉಜ್ಜಿನಪ್ಪ ಬಳ್ಳಾರಿಯಿಂದ ಬೆರಳುದ್ದದ ಚಿಪ್ ತಂದ. ಫೋನ್ ನೋಡಿ ಕಲಿತು ಪ್ರೋಗ್ರಾಂ ತುಂಬಿ, ಪಾಯಿಖಾನೆ ಬಾಗಿಲಿಗೆ ಹೊರಗಿನಿಂದ ಮೋಟಾರಿನ ಚಿಲಕ ಕೂರಿಸಿದ. ಯಾರೂ ಗುಂಡಿ ಒತ್ತಬೇಕಿಲ್ಲ. ಕರೆಂಟ್ ಬಂತೋ, ಪ್ರೋಗ್ರಾಂ ತಾನೇ ಎದ್ದು ಶುರು ಮಾಡುತ್ತದೆ: ಚಿಲಕ ಹಾಕು, ಎರಡು ಗಂಟೆ ಕಾಯಿ, ತೆಗೆ. ನಡುವೆ ಕರೆಂಟ್ ಹೋದರೆ ಚಿಲಕ ಹಾಗೇ ಇರುತ್ತದೆ. ಮತ್ತೆ ಬಂದಾಗ, ಕಾದದ್ದೆಲ್ಲ ಮರೆತು ಎರಡು ಗಂಟೆ ಮೊದಲಿನಿಂದ. ಗಂಟೆಗೊಮ್ಮೆ ಕರೆಂಟ್ ಹೋಗುವ ಊರಲ್ಲಿ ಆ ಬಾಗಿಲು ತೆರೆಯುವುದು ಯಾವಾಗ?

"ಸರಿ ಮಾಡ್ಲೇನ್ರಿ?" ಅಂದ ಉಜ್ಜಿನಪ್ಪ.

"ಯಾಕ? ಹಿಂಗ ಇರ್ಲಿ. ಸೋಮವಾರದಿಂದ ನೀನ ಮಿಸ್ತ್ರಿ," ಅಂದ ಸಾಹುಕಾರ.

ಶನಿವಾರ ಬಸುರಿ ಮಂಗಳಾ ಗಂಡನ ಕಡೆ ಬಾಗಿ, "ಒಂದ್ಸಲ ತೆಗೀರಿ, ತಡ್ಕಳಾಕಾಗಲ್ಲ" ಅಂದಳು.

"ಸಾಹುಕಾರ್ರು ನೋಡಾಕತ್ತಾರ. ಸುಮ್ನ ಹೊಲಿ."

ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಇಡೀ ಸಾಲಿನೆದುರು ಮಂಗಳಾಳ ಸೀರೆ ಒದ್ದೆಯಾಯಿತು. ಸಾಹುಕಾರ ನಕ್ಕ. ಅವನು ನಕ್ಕನೆಂದು ಉಜ್ಜಿನಪ್ಪನೂ ನಕ್ಕ.

ಸೋಮವಾರ ಮಿಸ್ತ್ರಿಯಾಗಲು ಎದ್ದರೆ ಮನೆಯಲ್ಲಿ ಮಲಗಿದ್ದ ಕೋಣೆಗೆ ಹೊರಗಿನಿಂದ ಚಿಲಕ!

"ಏಯ್ ಮಂಗಳಾ, ತೆಗಿ!"

"ಎಲ್ಡು ಗಂಟೆ ತಾಳ್ರಿ," ಅಂದಳು ಹೊರಗಿನಿಂದ.

ಕರೆಂಟ್ ಹೋಗಿ ಬಂತು. "ಈಗ ಮೊದ್ಲಿಂದ" ಅಂದಳು. ಮತ್ತೆ ಹೋಗಿ ಬಂತು. "ಮೊದ್ಲಿಂದ." ಮಧ್ಯಾಹ್ನದ ಹೊತ್ತಿಗೆ ಅವನ ಲುಂಗಿಯೂ ಒದ್ದೆ. ಕಿಟಕಿಯಲ್ಲಿ ಗಾರ್ಮೆಂಟ್ಸಿನ ಹೆಂಗಸರೆಲ್ಲ ನಿಂತು, ಊಟದ ಡಬ್ಬಿ ಕೈಯಲ್ಲೇ ಹಿಡಿದು ನಗುತ್ತಿದ್ದರು. ಮಿಸ್ತ್ರಿ ಕೆಲಸ ಬೇರೆಯವನ ಪಾಲಾಯಿತು. ಮಂಗಳಾ ಸಂಜೆಯ ಬಸ್ಸಿಗೆ ತವರಿಗೆಂದು ಮಡಕಶಿರದ ದಾರಿ ಹಿಡಿದಳು.

ಉಜ್ಜಿನಪ್ಪ ಈಗಲೂ ಇದ್ದಾನೆ. ಕರೆಂಟ್ ಬಂದರೆ ಸಾಕು, ಕೈಯಲ್ಲಿದ್ದ ತುತ್ತು ಬಿಟ್ಟು ಬಾಗಿಲಿಗೆ ಓಡುತ್ತಾನೆ. ಹುಡುಗರು ಬೇಕಂತಲೇ ಮೇನ್ ಸ್ವಿಚ್ ಆಡಿಸುತ್ತಾರೆ. ನಾನೂ ಒಂದೆರಡು ಸಲ...

"ಮುದ್ದಿ ಆರಾಕತ್ತೈತಿ, ಉಣ್ಣಾಕ ಬರ್ರಿ!" ನನ್ನ ಹೆಂಡತಿ ಈಶ್ವರಮ್ಮ.

ಬಂದೆ ಮಾರಾಯ್ತಿ, ಚಿಲಕ ಹಾಕಬ್ಯಾಡ.